ಪಾರಿಜಾತಕ್ಕನ ಹೆಸರು ಹೇಳದ ದಿನ

ಮೇಲಿನ ಹೊನ್ನಾವರ,
2209ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕು

ನನ್ನ ಮುತ್ತಜ್ಜಿಗೂ ಮುತ್ತಜ್ಜಿಯರಾದವರೇ,

ವರ್ಷಕ್ಕೆ ಹದಿಮೂರು ತಿಂಗಳು ಎಂದರೆ ನಿಮಗೆ ತಮಾಷೆ ಎನಿಸೀತು. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು, ಕ್ಷಮಿಸಿ. ಬರೆಯಹೊರಟಿರುವುದು ಮಾತ್ರ ನಿಮಗೆ ಹೊಸ ಸಂಗತಿಯೇನಲ್ಲ. ನಾಚಿಕೆಯ ಬಗ್ಗೆ.

ಕಡಲು ಹಳೆಯ ಪೇಟೆಯನ್ನು ನುಂಗಿದ ಮೇಲೆ ನಮ್ಮೂರು ಗುಡ್ಡ ಹತ್ತಿತು. ಶಾಲೆಗೆ ಹೋಗಬೇಕಾದರೆ ನೀರುಬಸ್ಸು ಹಿಡಿಯಬೇಕು. ಬಸ್ಸಿನಂತೆಯೇ ನಿಲ್ದಾಣಗಳಲ್ಲಿ ನಿಲ್ಲುವ ದೋಣಿ ಅದು. ನಮ್ಮದನ್ನು ನಡೆಸುತ್ತಿದ್ದವರು ಪಾರಿಜಾತಕ್ಕ. ಹುಟ್ಟಿದಾಗ ಗಂಡೆಂದು ಬರೆಸಿಕೊಂಡವರು, ಹೆಣ್ಣಾಗಿ ಬದುಕಿದವರು. ನನ್ನನ್ನೂ ಮನೆಯವರು ಗಂಡೆಂದೇ ಬರೆಸಿದ್ದರು. ನಾನು ಹೆಣ್ಣು ಎಂದು ಮೊಟ್ಟಮೊದಲು ಹೇಳಿದ್ದು ಅವರಿಗೆ, ಒಂಬತ್ತು ವರ್ಷದವಳಿದ್ದಾಗ. ಅವರು ಚುಕ್ಕಾಣಿ ಬಿಡದೆ, “ಗೊತ್ತಿತ್ತು ಮಗಾ. ನಂಗೂ ನಿನ್ನಷ್ಟೇ ವಯಸ್ಸಿಗೆ ಗೊತ್ತಾದ್ದು. ಬುತ್ತಿ ತಿಂದ್ಯಾ?” ಎಂದರು. ನನಗೆ ಎಷ್ಟು ಹಸಿವಾಗಿದೆ ಎಂಬುದು ಆಗಲೇ ತಿಳಿದದ್ದು.

ನಮ್ಮಲ್ಲಿ ‘ಮಾದರಿ ದಿನ’ ಎಂಬುದಿದೆ. ಹನ್ನೆರಡು ತುಂಬಿದ ಮಕ್ಕಳು ಊರಿನೆದುರು ನಿಂತು, ದೊಡ್ಡವರಾದ ಮೇಲೆ ಯಾರ ಹಾಗೆ ಆಗಬೇಕೆಂದು ಒಬ್ಬರ ಹೆಸರು ಹೇಳಬೇಕು. ಹೆಸರು ಬಂದವರು ತಾವು ಬಳಸಿದ ವಸ್ತುವೊಂದನ್ನು ಮಗುವಿನ ಕೈಗಿಡುತ್ತಾರೆ. ನಾನು ಯಾರ ಹೆಸರು ಹೇಳುತ್ತೇನೆಂದು ಇಡೀ ದೋಣಿಗೆ ಗೊತ್ತಿತ್ತು.

ನಿಮ್ಮ ಕಾಲದಂತೆ ನಮ್ಮನ್ನು ಯಾರೂ ಆಡಿಕೊಳ್ಳುತ್ತಿರಲಿಲ್ಲ. ಮೈಯನ್ನು ಮನಸ್ಸಿಗೆ ಹೊಂದಿಸುವ ಚಿಕಿತ್ಸೆ ಎಷ್ಟು ಸುಲಭವಾಗಿತ್ತೆಂದರೆ ನಮ್ಮಂಥವರ ಗುರುತೇ ಸಿಗುತ್ತಿರಲಿಲ್ಲ. ಗುರುತು ಸಿಗದಿರುವುದೇ ದೊಡ್ಡ ಮರ್ಯಾದೆ ಎಂದುಕೊಂಡಿದ್ದೆವು. ಪಾರಿಜಾತಕ್ಕ ಚಿಕಿತ್ಸೆ ಬೇಡವೆಂದವರು. ಗಡಸು ದನಿ, ಗಲ್ಲದ ಮೇಲೆ ಕೂದಲ ನೆರಳು, ಬಾಯಲ್ಲಿ ಎಲೆಯಡಿಕೆ, ದಡದವರೆಗೂ ಕೇಳುವ ನಗು. ನಾನು ವೇದಿಕೆ ಹತ್ತಿದಾಗ ಅವರು ಹೊಸ ಹಸಿರು ಸೀರೆಯುಟ್ಟು, ಮಡಿಲಲ್ಲಿ ಪೊಟ್ಟಣ ಇಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು. ಅವರ ಹೆಸರು ಹೇಳಿದರೆ ಇನ್ನು ಎಲ್ಲರೂ ನನ್ನ ಮುಖದಲ್ಲಿ ಅವರ ಮುಖ ಹುಡುಕುತ್ತಾರೆ ಎಂದು ಹೆದರಿದೆ. ಕಡಲಗೋಡೆಯ ಇಂಜಿನಿಯರ್ ಶರ್ಮಿಷ್ಠಾ ಅವರ ಹೆಸರು ಹೇಳಿಬಿಟ್ಟೆ. ಅವರನ್ನು ಒಮ್ಮೆಯೂ ಮಾತಾಡಿಸಿದವಳಲ್ಲ ನಾನು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಪಾರಿಜಾತಕ್ಕ.

ಮರುದಿನ ದೋಣಿಯಲ್ಲಿ, “ಚೊಲೋ ಹೇಳ್ದೆ ಮಗಾ, ಒಂಚೂರೂ ತಡವರಿಸ್ಲಿಲ್ಲ” ಎಂದರು. ಪೊಟ್ಟಣದ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಆಮೇಲೆ ಆರು ವರ್ಷ ಅದೇ ದೋಣಿಯಲ್ಲಿ ಓಡಾಡಿದೆ, ನಾಳೆ ತಪ್ಪೊಪ್ಪಿಕೊಳ್ಳೋಣ ಎಂದುಕೊಳ್ಳುತ್ತಲೇ. ನಾನು ಕಾಲೇಜಿಗೆಂದು ಊರು ಬಿಟ್ಟ ವರ್ಷ ಅವರು ತೀರಿಕೊಂಡರು.

ನಿಮ್ಮ ಬೀದಿಯಲ್ಲೂ ಅಂಥವರೊಬ್ಬರು ಇರುತ್ತಾರೆ. ಅವರನ್ನು ಕದ್ದು ನೋಡಿ ಧೈರ್ಯ ತಂದುಕೊಳ್ಳುವ ಮಗುವೂ ಒಂದಿರುತ್ತದೆ. ಆ ಮಗುವಿಗೆ ಈ ಕಾಗದ ಓದಿ ಹೇಳಿ. ನನಗೀಗ ಎಪ್ಪತ್ತೊಂದು. ಶಾಲೆಗಳಲ್ಲಿ, ಸಭೆಗಳಲ್ಲಿ, ಪಾರಿಜಾತಕ್ಕನೇ ನನ್ನ ಮಾದರಿ ಎನ್ನುತ್ತೇನೆ. ಜನ ಭೇಷ್ ಎನ್ನುತ್ತಾರೆ. ನನಗೆ ಮುಖ ಎತ್ತಲಾಗುವುದಿಲ್ಲ. ಊರಿಗೆಲ್ಲ ಹೇಳಿಯಾಯಿತು. ಅವರಿಗೊಬ್ಬರಿಗೆ ಹೇಳಲಿಲ್ಲ.

ನಿಮ್ಮ ಮುಂದಿನವಳು,
ಚಂಪಾವತಿ ನಾಯ್ಕ