ಕಂಬದ ಹಿಂದಿನ ಸೀಟು

ಮಾರ್ಚ್ 23, ಗುರುವಾರ

ಕಿಟಕಿ ಗಾಜು ಒರೆಸಿ ಮುಗಿಸಿದ್ದೆ, ಮಳೆ ಶುರು. ದಂಡದ ಕೆಲಸ. ಮಧ್ಯಾಹ್ನ ಫ್ರೌಕ್ಯೆ ಫೋನ್ ಮಾಡಿದಳು. ಗುಡ್ ಫ್ರೈಡೇ ದಿನ ಜರ್ಮನಿಯ ಲ್ಯೂಬೆಕ್‌ನ ದೊಡ್ಡ ಚರ್ಚಿನಲ್ಲಿ ಶಿಲುಬೆಯ ಕಥೆಯ ಸಂಗೀತವಂತೆ. ಓಬೋ ಊದುವವರಲ್ಲಿ ಮೊದಲ ಕುರ್ಚಿ ಇವಳದು. ಒಂದು ಇಡೀ ಹಾಡಿಗೆ ಇವಳ ಓಬೋ ಒಂದೇ ಜೊತೆ — ಹೇಳುವಾಗ ದನಿ ನಡುಗುತ್ತಿತ್ತು. ಮೂವತ್ತಾರು ವರ್ಷದ ಹೆಂಗಸು, ಶಾಲೆ ಹುಡುಗಿಯ ಹಾಗೆ.

ಕೊನೆಗೆ ಎಂದಿನ ಪ್ರಶ್ನೆ. "ನಿನ್ನ ಗಂಡ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ" ಎಂದು ಫೋನ್ ಇಟ್ಟೆ. ಮೇಜಿನ ಆಚೆ ಕೂತಿದ್ದ ವೀಬೆ ಪೇಪರ್‌ನಿಂದ ತಲೆ ಎತ್ತದೆ ಕೇಳಿದ, "ಏನಂತೆ ನಿನ್ನ ಮಗಳು?"

ನಿನ್ನ ಗಂಡ. ನಿನ್ನ ಮಗಳು. ಅಪ್ಪ ಮಗಳು ಇಬ್ಬರಿಗೂ ನೆಂಟರೆಂದರೆ ನಾನೊಬ್ಬಳೇ! ಹನ್ನೊಂದು ವರ್ಷದಿಂದ ಸಂಬಳವಿಲ್ಲದ ಅಂಚೆ ಕೆಲಸ ಮಾಡುತ್ತಿದ್ದೇನೆ.

ಮಾರ್ಚ್ 24

ನಿನ್ನೆ ಬರೆಯುವಾಗ ಸಿಟ್ಟಿತ್ತು. ಇವತ್ತೂ ಇದೆ.

ಎಲ್ಲ ಆ ಹಾಳು ಐಸಿನಿಂದ. ಹನ್ನೊಂದು ವರ್ಷದ ಹಿಂದಿನ ಆ ಚಳಿಗಾಲ ಕಾಲುವೆಗಳೆಲ್ಲ ಹೆಪ್ಪುಗಟ್ಟಿದವು. ಎಷ್ಟೋ ವರ್ಷದಿಂದ ನಡೆಯದ, ಕಾಲುವೆ ಹಿಡಿದು ಊರೂರು ದಾಟುವ ಸ್ಕೇಟಿಂಗ್ ಓಟ ಈ ಸಲ ನಡೆದೇ ನಡೆಯುತ್ತದೆ ಎಂದು ನಮ್ಮ ಇಡೀ ಫ್ರೀಸ್‌ಲ್ಯಾಂಡ್ ಸೀಮೆಗೆ ಹುಚ್ಚು ಹಿಡಿದಿತ್ತು. ನಮ್ಮೂರ ಪಾಲಿನ ಐಸಿಗೆ ವೀಬೆ ಯಜಮಾನ. ಹಗಲಿಡೀ ಪೊರಕೆ ಹಿಡಿದು ಹಿಮ ಗುಡಿಸುವುದು, ತೂತು ಕೊರೆದು ದಪ್ಪ ಅಳೆಯುವುದು. ಅದೇ ವಾರ ಫ್ರೌಕ್ಯೆಯ ಸಂಗೀತದ ಕೊನೆಯ ಪರೀಕ್ಷೆ, ಜನರೆದುರು ನುಡಿಸಬೇಕು. "ಐಸ್ ಬಿಟ್ಟು ಹೇಗೆ ಬರಲಿ?" ಎಂದ ಇವನು. ಊರಿನವರಿಗೆಲ್ಲ ಅದು ಸರಿಯಾಗೇ ಕಂಡಿತು. ನಮ್ಮವರೇ ಹಾಗೆ — ಕಾಲುವೆ ಹೆಪ್ಪುಗಟ್ಟಿದರೆ ಮದುವೆಯನ್ನೂ ಮುಂದೂಡುತ್ತಾರೆ.

ಆಮೇಲೆ ಏನಾಯಿತು? ಚಳಿ ಇಳಿಯಿತು. ಓಟ ನಡೆಯಲಿಲ್ಲ. ಮಗಳು ಇದೇ ಅಡುಗೆಮನೆಯಲ್ಲಿ ನಿಂತು, "ಇನ್ನು ನಾನು ನುಡಿಸೋ ಕಡೆ ಯಾವತ್ತೂ ಬರಬೇಡ" ಎಂದಳು. ಇವನು ಹೋಗಲಿಲ್ಲ. ಯಾವತ್ತೂ.

ಇವತ್ತು ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. "ಲ್ಯೂಬೆಕ್‌ಗೆ ಟಿಕೆಟ್ ತೆಗೆಸ್ತೀನಿ. ಎರಡು."

ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನೆಲ್ಲ ಹಿಸುಕಿದ. ಆಮೇಲೆ, "ಕಂಬದ ಹಿಂದೆ ಸಿಗುತ್ತಾ?"

"ಏನು?"

"ಸೀಟು. ದೊಡ್ಡ ಚರ್ಚಲ್ಲಿ ಕಂಬ ಇರುತ್ತಲ್ಲ. ಅವಳಿಗೆ ನಾನು ಕಾಣಬಾರದು. ಕೇಳ್ತೀನಿ, ಎದ್ದು ಬರ್ತೀನಿ. ನೀನೂ ಬಾಯಿ ಬಿಡಬಾರದು, ಯಾಂಟೀನ್."

ಒಪ್ಪಿದೆ. ಬರುತ್ತೇನೆ ಎಂದನಲ್ಲ, ಅದೇ ದೊಡ್ಡದು. ಮಗಳಿಗೆ ಫೋನ್ ಮಾಡಿ, ನಾದಿನಿ ಹಿಲ್ಟ್ಯೆಯ ಜೊತೆ ಬರುತ್ತೇನೆ ಎಂದು ಸುಳ್ಳು ಹೇಳಿದೆ. ಅವಳಿಗೂ ತಿಳಿಸಿಡಬೇಕು, ಇಲ್ಲದಿದ್ದರೆ ಕೆಡಿಸುತ್ತಾಳೆ.

ಏಪ್ರಿಲ್ 5, ಬುಧವಾರ — ಟ್ರೈನಿನಲ್ಲಿ

ಬ್ರೆಡ್ಡು ಚೀಸು, ಬೇಯಿಸಿದ ಮೊಟ್ಟೆ, ಫ್ಲಾಸ್ಕಿನಲ್ಲಿ ಕಾಫಿ. ಮಧ್ಯಾಹ್ನಕ್ಕೆಂದು ಕಟ್ಟಿದ್ದು. ಲೇವಾರ್ಡೆನ್ ದಾಟುವ ಮೊದಲೇ ವೀಬೆ ಡಬ್ಬಿ ಬಿಚ್ಚಿದ. ಗಾಬರಿಯಾದರೆ ತಿನ್ನುತ್ತಾನೆ.

ಒಳ್ಳೆಯ ಕೋಟು ಹಾಕಿದ್ದಾನೆ, ಹಿಲ್ಟ್ಯೆಯ ಗಂಡ ತೀರಿಹೋದಾಗ ಹಾಕಿದ್ದು. ಕಿಟಕಿಯಲ್ಲಿ ಕಾಲುವೆ ಕಂಡಾಗಲೆಲ್ಲ ಒಂದು ಮಾತು. "ಇದು ಹೆಪ್ಪುಗಟ್ಟಿದ್ರೂ ಪ್ರಯೋಜನ ಇಲ್ಲ. ಸೇತುವೆ ತಗ್ಗು, ಓಡೋರಿಗೆ ತಲೆ ತಾಗುತ್ತೆ." ಜರ್ಮನಿ ಬಂದ ಮೇಲೂ ನಿಲ್ಲಲಿಲ್ಲ.

ಓಸ್ನಾಬ್ರುಕ್ ಹತ್ತಿರ ಟ್ರೈನು ಹೊಲದ ನಡುವೆ ನಿಂತಿತು. ಪುರಸೊತ್ತು ಸಿಕ್ಕಿತು, ಪಾಠ ಮಾಡಿದೆ. ಗುಡ್ ಫ್ರೈಡೇ ಸಂಗೀತಕ್ಕೆ ಚಪ್ಪಾಳೆ ಇಲ್ಲ. ಮುಗಿದ ಮೇಲೆ ಗಂಟೆ ಬಾರಿಸುವವರೆಗೆ ಸುಮ್ಮನೆ ಕೂರಬೇಕು. ಇವನಿಗೆ ಗೊತ್ತಿರುವುದು ನಮ್ಮೂರ ಬ್ಯಾಂಡು ಒಂದೇ. ಅವರು ಹೇಗೇ ಊದಲಿ, ಮುಗಿದ ತಕ್ಷಣ ಇಡೀ ಹಾಲ್ ಎದ್ದು ನಿಂತು ಚಪ್ಪಾಳೆ. ಮೊದಲು ಏಳುವವನು ಇವನೇ.

"ಚಪ್ಪಾಳೆ ಹೊಡೆಯೋ ಹಾಗಿಲ್ಲ, ತಿಳೀತಾ?"

"ತಿಳೀತು."

"ಕೈ ಜೇಬಲ್ಲಿ ಇಟ್ಕೋ."

"ತಿಳೀತು ಮಾರಾಯ್ತಿ." ಇನ್ನೊಂದು ಮೊಟ್ಟೆ ಸುಲಿದ.

ಏಪ್ರಿಲ್ 6

ವೀಬೆಯನ್ನು ದೋಣಿ ನೋಡಲು ನದಿ ದಂಡೆಗೆ ಕಳಿಸಿ, ರಿಹರ್ಸಲ್ ಬಿಡುವಿನಲ್ಲಿ ಫ್ರೌಕ್ಯೆ ಜೊತೆ ಕಾಫಿ. ಸೊರಗಿದ್ದಾಳೆ. ತುಟಿಗೆ ಏನೋ ಎಣ್ಣೆ ಸವರಿಕೊಳ್ಳುತ್ತಲೇ ಇದ್ದಳು.

"ಹಿಲ್ಟ್ಯೆ ಅತ್ತೆ ಎಲ್ಲಿ?"

"ಅಂಗಡಿ ಸುತ್ತೋಕೆ ಹೋಗಿದಾಳೆ." ನಾಲಿಗೆ ಸುಟ್ಟಂತಾಯಿತು. ಕಾಫಿಯಿಂದಲ್ಲ.

ಕಪ್ಪಿನ ಒಳಗೇ ನೋಡುತ್ತಾ ಅವಳೇ ಎತ್ತಿದಳು. "ನಿನ್ನ ಗಂಡ ಜನ್ಮದಲ್ಲಿ ಯಾರ ಮಾತಾದ್ರೂ ಕೇಳಿದಾರಾ, ಅಮ್ಮ? ಡಾಕ್ಟರ್ ಮಾತು ಕೇಳಲ್ಲ, ನಿನ್ನ ಮಾತು ಕೇಳಲ್ಲ. ನಾನು ಬರಬೇಡ ಅಂದಿದ್ದು ಮಾತ್ರ ಹನ್ನೊಂದು ವರ್ಷ ಪಾಲಿಸಿಕೊಂಡು ಬಂದಿದಾರೆ. ಅದೊಂದನ್ನ!"

"ನೀನೇ ಹೇಳಿದ್ದೆ."

"ಹೇಳಿದ್ದೆ. ಸಿಟ್ಟಲ್ಲಿ ಹೇಳಿದ್ದೆ. ಒಂದೇ ಒಂದು ಸಲ ಮಾತು ಮೀರಿ ಬರಬಹುದಿತ್ತು. ಮೊದಲೆರಡು ವರ್ಷ ಪ್ರತಿ ಸಲ ನೋಡ್ತಿದ್ದೆ... ಹಿಂದಿನ ಸಾಲು, ಬಾಗಿಲ ಹತ್ತಿರ. ಅಷ್ಟು ಎತ್ತರದ ಮನುಷ್ಯ, ಬಂದಿದ್ರೆ ಕಾಣಿಸ್ತಿದ್ರು. ಈಗ ನೋಡೋದು ಬಿಟ್ಟಿದೀನಿ."

ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. ವೀಬೆಗೆ ಕೊಟ್ಟ ಮಾತು. ಹೇಳಿದರೆ ಇವನು ಓಡುತ್ತಾನೆ, ಸ್ಟೇಷನ್ನಿಗೆ ದಾರಿ ನೋಡಿಟ್ಟುಕೊಂಡಿದ್ದಾನೆ. ಹೇಳದಿದ್ದರೆ ಕಂಬದ ಹಿಂದೆ ಕೂತು ಎದ್ದು ಹೋಗುತ್ತಾನೆ, ಇವಳಿಗೆ ಗೊತ್ತೇ ಆಗುವುದಿಲ್ಲ. ಹಾಗಾದರೆ ನಾವು ಬಂದದ್ದಾದರೂ ಯಾಕೆ?

ಏಪ್ರಿಲ್ 7, ಗುಡ್ ಫ್ರೈಡೇ — ಸಂಜೆ

ಸಾಲಾಗಿ ಬರೆಯುತ್ತೇನೆ.

ಕಂಬ ಎಂದರೆ ಕಂಬ! ನಾಲ್ಕು ಜನ ಕೈ ಹಿಡಿದರೂ ತಬ್ಬಲಾಗದಷ್ಟು ದಪ್ಪ. ವೀಬೆಗೆ ಖುಷಿ. ಕಂಬಕ್ಕೆ ಒರಗಿ, ಕೈ ಜೇಬಿನಲ್ಲಿ ತುರುಕಿ ಕೂತ. ಹೆಂಗಸೊಬ್ಬಳು ಹಾಡುವಾಗ ಇವನ ಕಣ್ಣು ಮುಚ್ಚಿತು. ಮೊಣಕೈಯಿಂದ ತಿವಿದೆ.

ಆಮೇಲೆ ಅವಳ ಹಾಡು. ಎಲ್ಲ ವಾದ್ಯವೂ ಸುಮ್ಮನಾಗಿ ಓಬೋ ಒಂದೇ ಎದ್ದಿತು. ಹಿಂದೆ ಮಹಡಿಯ ಕೋಣೆಯಿಂದ ಅದೇ ನಾಲ್ಕು ಸ್ವರ ನೂರು ಸಲ ಕೇಳಿ ತಲೆ ಚಿಟ್ಟುಹಿಡಿಯುತ್ತಿತ್ತಲ್ಲ, ಅದೇ ಹುಡುಗಿ. ಪಕ್ಕಕ್ಕೆ ನೋಡಿದರೆ ವೀಬೆ ಇಲ್ಲ. ಸಾಲುಗಳ ನಡುವಿನ ದಾರಿಯ ಅಂಚಿನಲ್ಲಿ ಖಾಲಿ ಇದ್ದ ಕುರ್ಚಿಗೆ ಸರಿದಿದ್ದ. ಅಲ್ಲಿಂದ ಅವಳು ಕಾಣುತ್ತಾಳೆ. ಬಾಯಿ ತೆರೆದುಕೊಂಡಿತ್ತು. ಹಾಡು ಮುಗಿದ ಮೇಲೂ ವಾಪಸು ಬರಲಿಲ್ಲ. ನಾನೇ ಅವನ ಪಕ್ಕಕ್ಕೆ ಹೋಗಿ ನೆಲಕ್ಕೆ ಮಂಡಿಯೂರಿದೆ. ಪ್ರಾರ್ಥನೆ ಎಂದುಕೊಂಡರು ಜನ.

ಕೊನೆಯ ಸ್ವರ ಆಯಿತು. ಮೌನ. ಅಷ್ಟು ಜನ, ಒಂದು ಕೆಮ್ಮೂ ಇಲ್ಲ. ನುಡಿಸಿದವರೂ ತಲೆ ತಗ್ಗಿಸಿ ಕೂತಿದ್ದರು.

ಕುರ್ಚಿ ಕಿರ್ ಎಂದಿತು. ವೀಬೆ ಎದ್ದು ನಿಂತಿದ್ದ.

ಅಷ್ಟೆತ್ತರದ ಆಳು, ಎಲ್ಲರೂ ಕೂತ ಚರ್ಚಿನಲ್ಲಿ ಒಬ್ಬನೇ. ಜನ ತಿರುಗಿದರು. ಕೋಟಿನ ತುದಿ ಹಿಡಿದು ಎಳೆದೆ.

"ಕೂತ್ಕೊಳೋ!"

"ಚಪ್ಪಾಳೆ ಹೊಡೀತಿಲ್ವಲ್ಲ" ಎಂದು ಪಿಸುಗುಟ್ಟಿದ. ನಿಜ, ಕೈ ಜೇಬಿನಲ್ಲೇ ಇತ್ತು. ನಿಲ್ಲಬೇಡ ಎಂದು ನಾನು ಹೇಳಿರಲಿಲ್ಲ. ಅಡಗಲು ಬಂದದ್ದೂ ಮರೆತಿತ್ತು ಇವನಿಗೆ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಕೈ ಹೊರಗೆ ತೆಗೆಯಲಿಲ್ಲ.

ಫ್ರೌಕ್ಯೆ ತಲೆ ಎತ್ತಿದಳು. ನೋಡಿದಳು.

ಮುಗಿಯಿತು ಎಂದುಕೊಂಡೆ. ಹನ್ನೊಂದು ವರ್ಷದ ಮೇಲೆ ಬಂದು, ಅವಳ ಜನರೆದುರು ಅವಳ ಮಾನ ಕಳೆದ ಎಂದುಕೊಂಡೆ. ನೆಲ ಬಿರಿದರೆ ಸಾಕಿತ್ತು.

ಅವಳು ಎದ್ದು ನಿಂತಳು. ಓಬೋ ಕೈಯಲ್ಲೇ ಇತ್ತು. ಪಕ್ಕದವನು ದಿಗಿಲಿನಿಂದ ನೋಡಿದ, ಸಂಗೀತ ನಡೆಸುವವರು ನೋಡಿದರು, ಇವಳು ಕೂರಲಿಲ್ಲ. ಇಡೀ ಚರ್ಚಿನಲ್ಲಿ ನಿಂತವರು ಇಬ್ಬರೇ. ಆ ತುದಿಗೆ ಮಗಳು, ಈ ತುದಿಗೆ ಅಪ್ಪ. ಗಂಟೆ ಬಾರಿಸುವವರೆಗೂ ಹಾಗೇ ನಿಂತಿದ್ದರು. ನಾನು ಅತ್ತುಬಿಟ್ಟೆ. ಚೆನ್ನಾಗಿ ಅತ್ತೆ.

ಹೊರಗೆ ಪಕ್ಕದ ಬಾಗಿಲಲ್ಲಿ ಕಾದೆವು. ಬಂದಳು. ಇಬ್ಬರೂ ನೆಲ ನೋಡಿದರು. ಆಮೇಲೆ ಅವಳು ನನ್ನನ್ನು ನೋಡಿ, "ನಿನ್ನ ಗಂಡನಿಗೆ ಹೇಳು, ಇಲ್ಲಿ ಹಾಗೆಲ್ಲ ಎದ್ದು ನಿಲ್ಲಲ್ಲ."

ಇವನೂ ನನ್ನನ್ನೇ ನೋಡಿ, "ನಿನ್ನ ಮಗಳಿಗೆ ಹೇಳು, ಅವಳೂ ನಿಂತಿದ್ಲು."

"ನಾನು ಯಾರಿಗೂ ಏನೂ ಹೇಳಲ್ಲ" ಎಂದೆ. "ನನಗೆ ಮಂಡಿ ನೋವು." ಸೀದಾ ಹೋಟೆಲಿಗೆ ನಡೆದೆ. ಹಿಂದೆ ಇಬ್ಬರ ಹೆಜ್ಜೆ ಸದ್ದು, ದಾರಿಯಿಡೀ. ಮಾತು ಮಾತ್ರ ಇಲ್ಲ.

ಏಪ್ರಿಲ್ 8, ಶನಿವಾರ

ಬೆಳಿಗ್ಗೆ ಫ್ರೌಕ್ಯೆ ಬಂದಳು. ಮಂಡಿ ನೋವು ಎಂದು ಮಂಚ ಬಿಟ್ಟು ಏಳಲಿಲ್ಲ. ಟ್ರೈನಿಗೆ ಕಟ್ಟಿಕೊಳ್ಳಲು ಮೀನಿನ ಬ್ರೆಡ್ಡು ಬೇಕು, ಇಬ್ಬರೂ ಹೋಗಿ ತನ್ನಿ ಎಂದೆ. ವೀಬೆ ನನ್ನ ಮುಖ ನೋಡಿದ, ನೇಣಿಗೆ ಕಳಿಸುತ್ತಿದ್ದೇನೆ ಎನ್ನುವ ಹಾಗೆ. ಹೋದರು.

ಮೀನಿನ ಅಂಗಡಿ ಇಲ್ಲೇ ಮೂಲೆಯಲ್ಲಿದೆ. ಇನ್ನೂ ಬಂದಿಲ್ಲ. ಬ್ಯಾಗು ಕಟ್ಟಿ ಮುಗಿಯಿತು, ಕೋಣೆ ಗುಡಿಸುವವಳು ಎರಡು ಸಲ ಇಣುಕಿದಳು. ಮಾತಿಲ್ಲದೆ ಊರೆಲ್ಲ ಸುತ್ತುತ್ತಿದ್ದಾರೋ, ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿದರೋ... ಕಳಿಸಿದ್ದೇ ತಪ್ಪಾಯಿತೇನೋ.

ಬಂದರು. ಮೆಟ್ಟಿಲ ಮೇಲೆ ಜಗಳ. ಇಡೀ ಹೋಟೆಲಿಗೆ ಕೇಳಿಸುತ್ತಿದೆ.

"ಇನ್ನೆರಡು ದಿನ ಚಳಿ ಹಿಡಿದಿದ್ರೆ ಓಟ ನಡೆದೇ ನಡೀತಿತ್ತು ಕಣೇ!"

"ನಡೀಲಿಲ್ವಲ್ಲ ಅಪ್ಪ! ಪೊರಕೆ ಹಿಡ್ಕೊಂಡು ಯಾರಿಗೆ ಗುಡಿಸ್ತಿದ್ದೆ ನೀನು? ಬಾತುಕೋಳಿಗಾ?"

"ನಿನಗೇನು ಗೊತ್ತು ಐಸಿನ ವಿಷಯ?"

"ನಿನಗೇನು ಗೊತ್ತು ಓಬೋ ವಿಷಯ?"

"ಹೇಳಿದ್ರೆ ತಾನೇ ಗೊತ್ತಾಗೋದು!"

ನನ್ನ ಹೆಸರು ಒಬ್ಬರೂ ಎತ್ತುತ್ತಿಲ್ಲ. ನನ್ನ ಅಂಚೆ ಕೆಲಸ ಹೋಯಿತು, ದೇವರೇ, ಹೋಯಿತು! ಟ್ರೈನು ಹೋದರೂ ಹೋಗಲಿ, ಇನ್ನೊಂದು ಬರುತ್ತದೆ. ಬಾಗಿಲು ಬಡಿಯುತ್ತಿದ್ದಾರೆ. ಬೀಗದ ಕೈ ನನ್ನ ಹತ್ತಿರವೇ ಇದೆ. ಸ್ವಲ್ಪ ಹೊತ್ತು ಹೊರಗೇ ಜಗಳವಾಡಲಿ, ತೆಗೆಯುವುದಿಲ್ಲ.