‘ಹಬ್ಬಕ್ಕೂ ನಿಲ್ಲದ ಗಳಿಕೆ’ ಎಂಬ ನಿಮ್ಮ ಫಲಕದ ಬಗ್ಗೆ

ಸ್ವಉದ್ಯೋಗ ತರಬೇತಿ ಕೇಂದ್ರದ ಮಾನ್ಯ ನಿರ್ದೇಶಕರೇ,

ಛತ್ರಪತಿ ಸಂಭಾಜಿನಗರದಿಂದ ದೌಲತಾಬಾದಿಗೆ ಹೋಗುವ ರಸ್ತೆಯ ಫಲಕದಲ್ಲಿ ‘ಯಶಸ್ವಿ ಉದ್ಯಮಿ’ ಎಂದು ನೀವು ನಗಿಸುತ್ತಿರುವ ಯುವಕ ನನ್ನ ಮಗ ಓಂಕಾರ. ಅವನು ಕಳೆದ ಮೇ ತಿಂಗಳಲ್ಲಿ ತೀರಿಕೊಂಡ. ಇದನ್ನು ಮರಾಠಿಯಲ್ಲಿ ಬರೆದು ತಿಳಿಸಿದೆ. ಓದಲು ತಮಗೆ ಬಿಡುವಾಗಲಿಲ್ಲ. ಈಗ ಅದೇ ಫಲಕ ಬೀದರಿನಲ್ಲಿ ಕನ್ನಡದಲ್ಲಿ ಎದ್ದು ನಿಂತಿದೆ. ಆದ್ದರಿಂದ ಕನ್ನಡದಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಮಗೊಂದು ಶಿಸ್ತಿತ್ತು: ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಮುರಿಯಬೇಕು. ನಿಮ್ಮ ಕೇಂದ್ರ ಕಲಿಸುವ ವಾದವನ್ನು ಹೇಳುತ್ತೇನೆ. ಕ್ರಿಪ್ಟೋ ನಾಣ್ಯಗಳು ನೂರಾರು. ಕಂಪ್ಯೂಟರುಗಳು ಹಗಲಿರುಳು ಲೆಕ್ಕ ಬಿಡಿಸಿ ಅವನ್ನು ಗಳಿಸುತ್ತವೆ. ಇದೇ ಮೈನಿಂಗ್. ಸಾವಿರಾರು ಜನ ತಮ್ಮ ಯಂತ್ರಗಳನ್ನು ಒಂದು ‘ಪೂಲ್’ಗೆ ಜೋಡಿಸಿದರೆ, ಈ ಗಳಿಗೆಯಲ್ಲಿ ಯಾವ ನಾಣ್ಯ ಹೆಚ್ಚು ಲಾಭ ಕೊಡುತ್ತದೋ ಅದಕ್ಕೆ ಪೂಲ್ ತಾನಾಗಿ ಹಾರುತ್ತದೆ, ಅದು ಇಳಿದರೆ ಇನ್ನೊಂದಕ್ಕೆ. ಆದ್ದರಿಂದ ನಷ್ಟವೆಂಬುದೇ ಇಲ್ಲ. ಸರಿಯಾಗಿ ಹೇಳಿದೆನೇ? ಈಗ ತಾವು ಉತ್ತರಿಸಿ. ಇಡೀ ಪೂಲ್ ಒಂದೇ ನಾಣ್ಯದ ಮೇಲೆ ಮುಗಿಬಿದ್ದರೆ ಲೆಕ್ಕ ಕಠಿಣವಾಗಿ ಒಬ್ಬೊಬ್ಬರ ಪಾಲು ಕುಗ್ಗುವುದಿಲ್ಲವೇ? ಗಳಿಸಿದ್ದನ್ನು ಎಲ್ಲರೂ ಕೂಡಲೇ ಮಾರಿದರೆ ಬೆಲೆ ಕುಸಿಯುವುದಿಲ್ಲವೇ? ಎಲ್ಲರಿಗೂ ಏಕಕಾಲಕ್ಕೆ ತಿಳಿದ ಲಾಭ ಎಷ್ಟು ಹೊತ್ತು ಲಾಭವಾಗಿ ಉಳಿದೀತು? ಪೂಲ್‌ನ ಕಮಿಷನ್, ಕರೆಂಟು ಬಿಲ್ಲು, ಮರಾಠವಾಡದ ಬೇಸಿಗೆಯಲ್ಲಿ ಯಂತ್ರ ತಣಿಸುವ ಕೂಲರ್, ಇವು ನಿಮ್ಮ ಲೆಕ್ಕದಲ್ಲಿ ಏಕಿಲ್ಲ? ಎ.ಸಿ. ಕೋಣೆಯಲ್ಲಿ ಬರೆದ ಪಾಠಕ್ಕೆ ಸೆಕೆ ತಟ್ಟುವುದಿಲ್ಲ, ನಿಜ.

ನಾಶಿಕದ ದೇವಳಾಲಿ ಕ್ಯಾಂಪಿನಲ್ಲಿ ನನ್ನದೊಂದು ಹಿಟ್ಟಿನ ಗಿರಣಿಯಿದೆ. ಖಂಡೆನವಮಿಯಂದು ಗಿರಣಿ ನಿಲ್ಲಿಸಿ, ತೊಳೆದು, ವಿಭೂತಿ ಹಚ್ಚಿ ಪೂಜಿಸುವುದು ನಾವು ಬೀದರಿನಿಂದ ತಂದ ಪದ್ಧತಿ. ಆ ದಿನ ಯಂತ್ರಕ್ಕೂ ವಿಶ್ರಾಂತಿ. ನಿಮ್ಮಲ್ಲಿ ಕಲಿತು ಸಂಭಾಜಿನಗರದಲ್ಲಿ ಮೈನಿಂಗ್ ಯಂತ್ರ ಹಾಕಿದ್ದ ಮಗನಿಗೆ ಹಿಂದಿನ ಖಂಡೆನವಮಿಗೆ ಫೋನ್ ಮಾಡಿದೆ.

“ಮಷಿನ್ ಬಂದ್ ಮಾಡಿದ್ಯೇನಪಾ?”

“ಪೂಜಾ ಮಾಡೀನ್ರಿ ಅಪ್ಪಾಜಿ, ಬಂದ್ ಮಾಡಿಲ್ಲರಿ. ಸರ್ ಹೇಳ್ಯಾರ, ಬಂದ್ ಆದ್ರ ಪೂಲ್‌ದಾಗ ನಮ್ಮ ಪಾಲು ಹೋಯ್ತಂತ.”

ಓಡುತ್ತಿರುವ ಯಂತ್ರಕ್ಕೇ ಚೆಂಡುಹೂ ಮುಡಿಸಿದ್ದ. ನೀವು ಆ ಫೋಟೋ ತೆಗೆಸಿ, ಕೆಳಗೆ ‘ಹಬ್ಬಕ್ಕೂ ನಿಲ್ಲದ ಗಳಿಕೆ’ ಎಂದು ಬರೆಸಿದಿರಿ. ಮೇ ತಿಂಗಳಲ್ಲಿ ಅವನು ಏನನ್ನೂ ನಿಲ್ಲಿಸದೆ, ಓಡುತ್ತಿದ್ದ ಕೂಲರಿಗೇ ನೀರು ತುಂಬಲು ಹೋದ. ಒದ್ದೆ ನೆಲ, ಬರಿಗಾಲು, ಕರೆಂಟು. ನಿಮ್ಮ ಪಾಠವನ್ನು ಅಷ್ಟು ಶ್ರದ್ಧೆಯಿಂದ ಕಲಿತ ವಿದ್ಯಾರ್ಥಿ ನಿಮಗೆ ಇನ್ನು ಸಿಗಲಾರ.

ಫಲಕ ಇಳಿಸಿರೆಂದು ಕೇಳಲು ಬಂದ ದಿನ ತಾವು ಮೀಟಿಂಗಿನಲ್ಲಿದ್ದಿರಿ. ಕಲಬುರಗಿ ಕಡೆಯ ನಿಮ್ಮ ಗುಮಾಸ್ತ ಚಹಾ ಕೊಟ್ಟು ಸಂತೈಸಿದ: “ಕಾಕಾ, ಫೋಟೋ ಭಾರಿ ಬಂದದರಿ. ಈ ಬ್ಯಾಚ್ ಒಂದು ತುಂಬಲಿ, ಆಮ್ಯಾಲ ತಗೀತೀವಿ.” ಅಂದರೆ ನಿಮ್ಮಲ್ಲಿ ಸತ್ತವನಿಗೂ ರಜೆಯಿಲ್ಲ.

ಬ್ಯಾಚ್ ತುಂಬುತ್ತಿದೆ. ನನ್ನ ತಮ್ಮನ ಮಗಳು ಪ್ರಜ್ಞಾ ಬೀದರಿನಿಂದ ಫೋನ್ ಮಾಡಿ ಅತ್ತಳು: “ದೊಡ್ಡಪ್ಪಾ, ನಮ್ಮ ತಮ್ಮ ಶಿವಕಾಂತ ಅಲ್ಲೇ ಹೆಸರು ಹಚ್ಯಾನ್ರಿ. ಅಣ್ಣಗ ಆದದ್ದು ಕೂಲರಿನ ತಪ್ಪು, ಧಂದಾದ್ದಲ್ಲ ಅಂತಾನ. ನಾ ಬೈದ್ರ, ಬೋರ್ಡಿನ್ಯಾಗ ಅಣ್ಣ ನಗಲತ್ತಾನಲ್ಲ ಅಂತ ನನಗೇ ತಿರುಗಿ ಹೇಳ್ತಾನ.” ನಾನು ಮಣ್ಣು ಕೊಟ್ಟು ಬಂದ ಮಗನನ್ನು ರಸ್ತೆಯಲ್ಲಿ ನಿಲ್ಲಿಸಿ, ಅವನಿಂದಲೇ ಅವನ ತಮ್ಮನನ್ನು ಕರೆಸುತ್ತಿದ್ದೀರಿ. ಇದಕ್ಕೆ ನಿಮ್ಮ ಕಚೇರಿಯ ಭಾಷೆಯಲ್ಲಿ ಏನೆನ್ನುತ್ತಾರೆ? ಪ್ರಚಾರವೇ?

ನನ್ನ ಬೇಡಿಕೆ ಇಷ್ಟು. ಹೊಸ ತರಗತಿ ಶುರುವಾಗುವ ಸೋಮವಾರದೊಳಗೆ ಎರಡೂ ಊರಿನ ಫಲಕ ಇಳಿಯಬೇಕು. ಎಲ್ಲ ಖರ್ಚು ಕಳೆದರೆ ಉಳಿಯುವುದೇನೆಂದು ಮೊದಲ ಪಾಠದಲ್ಲಿ ತಾವೇ ನಿಂತು ಹೇಳಬೇಕು, ಗುಮಾಸ್ತನನ್ನು ಕಳಿಸಬೇಡಿ. ನಾನು ಶಿವಕಾಂತನ ಪಕ್ಕದಲ್ಲೇ ಕೂತಿರುತ್ತೇನೆ. ಬಾಗಿಲಲ್ಲಿ ನನ್ನಿಂದ ಪ್ರವೇಶ ಶುಲ್ಕ ಕೇಳಬೇಡಿ. ಅದನ್ನು ಓಂಕಾರ ಕಟ್ಟಿ ಹೋಗಿದ್ದಾನೆ.

ಇಂತಿ,
ನಿಮ್ಮ ಕೇಂದ್ರದ ಅತಿ ಹಿರಿಯ ವಿದ್ಯಾರ್ಥಿ,
ವಿಶ್ವನಾಥಪ್ಪ