ಅರ್ಧ ಪದ

26-1-1996, ಶುಕ್ರವಾರ

ಇವತ್ತು ನಾನು ಕುಳ್ಳಮ್ಮನ ಹಾಡನ್ನು ಕದ್ದೆ. ನಾನು ಸುಣ್ಣದ ಗೆರೆ ಹಾಕುವ ಕ್ರೀಡಾಂಗಣದಲ್ಲಿ ಅವಳು ರೋಲರ್ ಎಳೆಯುತ್ತಾ ಹೇಳುವ ಪದ ಅದು. ಅದಕ್ಕೆ ಕೀಬೋರ್ಡ್ ಕೂಡಿಸಿ ಕ್ಯಾಸೆಟ್ ಮಾಡಿದ್ದೆ. ಧ್ವಜವಂದನೆಯಾದ ಮೇಲೆ ಮೈಕಿನವನು ಅದನ್ನು ಹಾಕಿ, ನಾನೇ ಕೊಟ್ಟಿದ್ದ ಚೀಟಿ ನೋಡಿ ನನ್ನ ಸ್ವಂತ ರಚನೆ ಎಂದ. ದುಡಿಮೆಯ ಫಲ ದುಡಿದವರಿಗೇ ಎಂದು ಹಾಸ್ಟೆಲಿನಲ್ಲಿ ಕರಪತ್ರ ಹಂಚುವ ನಾನು ಚಪ್ಪಾಳೆಗೆ ಎದ್ದು ಕೈಮುಗಿದೆ. ಇನ್ನು ಯಾವ ಮೈಕಿನಲ್ಲಿ ತಿದ್ದಲಿ?

ಗೇಟಿನ ಹತ್ತಿರ ಅವಳೇ ಸಿಕ್ಕಳು. "ಮೈಕಿನೋನು ತಪ್ಪೇಳ್ಬುಟ್ಟ ಕಣವ್ವ" ಎಂದೆ. ಅದೂ ಸುಳ್ಳು.

ಅವಳು ನಕ್ಕಳು. "ಕದಿಯೋನು ಪೂರ್ತಿ ಕದಿಯಬಾರ್ದೇನ್ಲಾ? ಅರ್ಧಕ್ಕೇ ನಿಲ್ಸಿದ್ದೀಯ. ಭಾನುವಾರ ಬೆಳಿಗ್ಗೆ ಏಳ್ಗಂಟ್ಗೆ ಮನೆ ತಾವ ಬಾ, ಮಿಕ್ಕಿದ್ದ ಯೋಳ್ಕೊಡ್ತೀನಿ."